ಏಳನೆಯ ಬೋಲ್ಟು

ಇವತ್ತಿನ ಬೆಳಗೂ ದಿನದ ಹಾಗೇ ಶುರುವಾಗಿತ್ತು. ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲು ಕಾಯಿಸಿ, ಇವರಿಗೆ ಕಾಫಿ ಕೊಟ್ಟು, ಬೇಳೆ ತೊಳೆದು ಕುಕ್ಕರಿಗೆ ಹಾಕಿದ್ದೆ. ಮುಚ್ಚಳ ತಿರುಗಿಸುವಾಗ ಹಿಡಿ ಕೈಗೇ ಬಂತು. ಅದರ ಸ್ಕ್ರೂ ಸಿಂಕಿಗೆ ಬಿದ್ದು, ಎರಡು ಸಲ ಟಣ್ ಟಣ್ ಅಂದು, ನೀರು ಹೋಗುವ ತೂತಿನೊಳಗೆ ಮಾಯವಾಯಿತು.

ಇಂಥದ್ದಕ್ಕೆ ಎಲ್ಲರ ಮನೆಯಲ್ಲೂ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇರುತ್ತೆ. ಗುಂಡಿ, ಸೇಫ್ಟಿ ಪಿನ್ನು, ಯಾವ ಬೀಗದ್ದೋ ಗೊತ್ತಿಲ್ಲದ ಬೀಗದ ಕೈ, ಮೂರು ಸ್ಕ್ರೂ, ಒಂದು ಮೊಳೆ. ಅದರಲ್ಲಿ ಒಂದು ಸ್ಕ್ರೂ ಕಳೆದುಹೋದದ್ದರ ಅವಳಿಜವಳಿ ಹಾಗೆ ಕಂಡಿತು. ಇಟ್ಟು ತಿರುಗಿಸಿದೆ. ಒಂದು ಸುತ್ತು ಸಲೀಸಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಗಪ್ಪನೆ ಹಿಡಿದುಕೊಂಡಿತು. ಇನ್ನೊಂದು ಚೂರು ಒತ್ತಿದ್ದರೆ ಹೋಗುತ್ತಿತ್ತೋ ಏನೋ. ನನ್ನ ಕೈ ತಾನಾಗಿಯೇ ನಿಂತುಬಿಟ್ಟಿತು. ಯಾಕೆ ನಿಂತಿತು ಅಂತ ಒಂದು ಕ್ಷಣ ನನಗೇ ಹೊಳೆಯಲಿಲ್ಲ...

ಬೇರೆ ಸ್ಕ್ರೂ ಸಿಗುತ್ತೇನೋ ಅಂತ ಡಬ್ಬಿಯನ್ನು ಪೇಪರಿನ ಮೇಲೆ ಬೋರಲು ಹಾಕಿದೆ. ತಳದಲ್ಲಿ ಸಿಕ್ಕಿಕೊಂಡಿದ್ದ ಗಂಟೊಂದು ಕೊನೆಗೆ ಬಿತ್ತು. ಬಿಳಿ ಕರ್ಚೀಫು, ಮೂಲೆಯಲ್ಲಿ ನಾನು ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಹಾಕಿದ ನೀಲಿ ಹೂವು. ಬಿಚ್ಚಿದೊಡನೆ ಸೀಮೆಎಣ್ಣೆ, ಗ್ರೀಸು ಸೇರಿದ ಒಂದು ಹಳೇ ವಾಸನೆ. ಒಳಗೆ ನನ್ನ ಕಿರುಬೆರಳಿಗಿಂತ ಗಿಡ್ಡನೆಯ ಒಂದು ಬೋಲ್ಟು, ಮಬ್ಬು ಬೂದಿಯ ಬಣ್ಣದ್ದು. ಅದರ ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಚೀಟಿ. ಚೀಟಿಯ ಮೇಲೆ ನನ್ನದೇ ಅಕ್ಷರ: ‘ಬಲಗಡೆ ಮುಚ್ಚಳ. ಕೆಳಗಿನದು. ಗಿಡ್ಡ. ಏಳು.’

ನನಗೆ ಸಿಟ್ಟು ಬರುವುದು ಕಡಿಮೆ ಅಂತ ಮನೆಯವರು, ನೆಂಟರು ಎಲ್ಲ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲ. ಒಂದು ಸಿಟ್ಟನ್ನು ನಾನು ಇಷ್ಟು ವರ್ಷ ಕರ್ಚೀಫಿನಲ್ಲಿ ಗಂಟು ಹಾಕಿ ಇಟ್ಟಿದ್ದೆ.

ಚನ್ನಪಟ್ಟಣದ ಈ ಬೀದಿಗೆ ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯ ನೇರ ಎದುರಿಗೆ ಒಂದು ಮೋಟಾರ್ ಸೈಕಲ್ ರಿಪೇರಿ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ತಗಡಿನ ಮಾಡು, ಒಂದು ಬೆಂಚು, ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಅದರ ಮೇಸ್ತ್ರಿಗೆ ಆಗ ಐವತ್ತು ದಾಟಿದ್ದಿರಬೇಕು. ತೆಳ್ಳಗೆ, ಸ್ವಲ್ಪ ಬಾಗಿದ ಬೆನ್ನು, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲು. ಅವರ ಮನೆತನದವರು ಬಣ್ಣದ ಗೊಂಬೆ ಮಾಡುವವರು. ಅಣ್ಣ ಇನ್ನೂ ಹಿಂದಿನ ಬೀದಿಯಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಗಿಲಕಿ, ಬುಗುರಿ ಮಾಡುತ್ತಿದ್ದರು. ಮೇಸ್ತ್ರಿ ಮಾತ್ರ ಕಬ್ಬಿಣದ ಕಡೆ ಬಂದಿದ್ದರು. ಆದರೂ ಅವರ ಕೈಯಲ್ಲಿ ಗೊಂಬೆಯವರ ನಯ ಉಳಿದಿತ್ತು. ಸ್ಪ್ಯಾನರ್ ಕೆಳಗಿಡುವಾಗ ಸದ್ದಾಗುತ್ತಿರಲಿಲ್ಲ.

ನಮ್ಮ ಮಾವನವರು ಬದುಕಿದ್ದಾಗ ಓಡಿಸುತ್ತಿದ್ದ ಇಂಗ್ಲೆಂಡಿನ ಮೋಟಾರ್ ಸೈಕಲ್ಲೊಂದು ಹಿತ್ತಲ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಮಾವ ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಇವರ ಅಣ್ಣ, ಅಂದರೆ ನನ್ನ ಭಾವ, ಮನೆಯ ಯಜಮಾನಿಕೆ ವಹಿಸಿಕೊಂಡಿದ್ದರು. ಅವರಿಗೆ ಒಂದು ದಿನ ಅಪ್ಪನ ಗಾಡಿಯನ್ನು ಮತ್ತೆ ಓಡಿಸಬೇಕು ಅನ್ನಿಸಿತು. ಕುದೂರಿನಲ್ಲಿ ಹತ್ತಿರದ ನೆಂಟರ ಮದುವೆ ಗೊತ್ತಾಗಿತ್ತು. ಮಾವನವರನ್ನು ಕಂಡಿದ್ದ ಹಿರಿಯರೆಲ್ಲ ಅಲ್ಲಿಗೆ ಬರುವವರು. ಅಪ್ಪನ ಗಾಡಿಯಲ್ಲೇ ಹೋಗಿ ಇಳಿಯಬೇಕು, ಎಲ್ಲರೂ ನೋಡಬೇಕು. ತಪ್ಪೇನೂ ಇಲ್ಲದ ಆಸೆ ಅದು. ನಾನೂ ಒಪ್ಪುತ್ತೇನೆ.

ಗಾಡಿ ಮನೆ ಬಿಟ್ಟು ಹೊರಗೆ ಹೋಗಕೂಡದು ಅಂತ ಭಾವ ಹೇಳಿದ್ದರಿಂದ ಮೇಸ್ತ್ರಿಯೇ ಮಧ್ಯಾಹ್ನದ ಹೊತ್ತು ನಮ್ಮ ಕೊಟ್ಟಿಗೆಗೆ ಬಂದು ಕೆಲಸ ಮಾಡತೊಡಗಿದರು. ಕಾಫಿ ಕೊಡುವ ಕೆಲಸ ಚಿಕ್ಕ ಸೊಸೆಯದು. ಹಾಗೆ ನಾನು ಅಲ್ಲಿಗೆ ಹೋದದ್ದು.

ಮೊದಲ ದಿನ ಲೋಟ ಇಟ್ಟು ಬರುವಾಗ ಕಂಡದ್ದನ್ನು ಇವತ್ತೂ ಮರೆತಿಲ್ಲ. ಇಂಜಿನ್ ಇನ್ನೂ ಬಿಚ್ಚಿರಲಿಲ್ಲ. ಮೇಸ್ತ್ರಿ ಅಣ್ಣನ ಹತ್ತಿರದಿಂದ ಒಂದು ಆಲೆ ಮರದ ಹಲಗೆ ತಂದು, ಅದರ ಮೇಲೆ ಇಂಜಿನ್ನಿನ ಆಕಾರವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಎಲ್ಲೆಲ್ಲಿ ಬೋಲ್ಟು ಇದೆಯೋ ಅಲ್ಲಲ್ಲಿ ಹಲಗೆಗೊಂದು ತೂತು. ಬಿಚ್ಚಿದ ಬೋಲ್ಟು ಆ ತೂತಿಗೇ ಹೋಗಬೇಕು, ಬೇರೆಲ್ಲಿಗೂ ಅಲ್ಲ. ಹಾಳಾಗಿದ್ದ ಬೋಲ್ಟಿನ ಜಾಗಕ್ಕೆ ಅಣ್ಣ ಕಡೆದುಕೊಟ್ಟ ಒಂದೊಂದು ಕೆಂಪು ಗೂಟ. ಅರಗಿನ ಬಣ್ಣದ್ದು, ಗೊಂಬೆಯ ಮೂಗಿನ ಹಾಗೆ ಮಿನುಗುವಂಥದ್ದು. ನಾಲ್ಕು ದಿನದಲ್ಲಿ ಹಲಗೆ ಪೂರಾ ತುಂಬಿತು. ಅದರಲ್ಲಿ ಹತ್ತೊಂಬತ್ತು ಕೆಂಪು ಗೂಟ.

‘ಇಷ್ಟೂ ಹುಡುಕ್ಬೇಕು ಕಣವ್ವ’ ಅಂದರು. ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಹೊಸದು ಅಂಗಡಿಯಲ್ಲಿ ಸಿಗುವುದಿಲ್ಲವೇ ಅಂತ ಕೇಳಿದೆ. ಅವರು ಜೇಬಿನಿಂದ ಒಂದು ಅಂಗಡಿ ಬೋಲ್ಟು ತೆಗೆದು, ಹಲಗೆಯಿಂದ ಒಂದು ಹಳೆಯದನ್ನು ಕಿತ್ತು, ಎರಡನ್ನೂ ಪಕ್ಕಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ಎತ್ತಿದರು. ಎರಡೂ ಒಂದೇ ದಪ್ಪ. ಆದರೆ ಬೋಲ್ಟಿನ ಮೈಮೇಲೆ ಸುರುಳಿಯಾಗಿ ಹೋಗುವ ಗೆರೆ ಇರುತ್ತಲ್ಲ, ಥ್ರೆಡ್ ಅಂತಾರಲ್ಲ, ಅವು ಒಂದರೊಳಗೊಂದು ಕೂರಲಿಲ್ಲ. ನಡುವೆ ಬೆಳಕು ಹಲ್ಲು ಕಿರಿದ ಹಾಗೆ ಕಂಡಿತು. ಆ ಕಾಲದ ಇಂಗ್ಲೆಂಡಿನ ಗಾಡಿ ಇಂಚಿನ ಲೆಕ್ಕದ್ದು, ಅಂಗಡಿಯದು ಮಿಲಿಮೀಟರ್ ಲೆಕ್ಕದ್ದು ಅಂತ ವಿವರಿಸಿದರು. ಬೆಳಕು ಕಾಣದಿದ್ದರೆ ಮಾತ್ರ ಅದು ಇದರ ಜೋಡಿ. ಆಮೇಲೆ ಹೇಳಿದ ಮಾತೇ ಇವತ್ತು ಬೆಳಿಗ್ಗೆ ನನ್ನ ಕೈ ಹಿಡಿದು ನಿಲ್ಲಿಸಿದ್ದು:

‘ಮೊದ್ಲೆರಡು ಸುತ್ತಿಗೆ ಎಲ್ರೂ ನೆಂಟ್ರೇ ಕಣವ್ವ. ಮೂರ್ನೇ ಸುತ್ತಿಗೆ ಗೊತ್ತಾಯ್ತದೆ ಯಾರು ನಮ್ಮೋರು ಅಂತ. ಅಲ್ಲಿ ನಿಲ್ಸುಬುಡ್ಬೇಕು. ಜಬರ್ದಸ್ತಿ ಮಾಡುದ್ರೆ ಬೋಲ್ಟಿಗೇನೂ ಆಗಕಿಲ್ಲ, ಇಂಜಿನ್ ಮೈ ಹಾಳಾಯ್ತದೆ.’

ಬೋಲ್ಟು ಉಕ್ಕಿನದು, ಇಂಜಿನ್ನಿನ ಮೈ ಅಲ್ಯೂಮಿನಿಯಮ್ಮಿನದು. ಮಣ್ಣಿನ ಗಡಿಗೆಯಲ್ಲಿ ಹಿತ್ತಾಳೆ ಸೌಟು ಆಡಿಸಿದರೆ ಒಡೆಯುವುದು ಯಾವುದು ಅಂತ ನನಗೆ ಹೇಳಬೇಕಾಗಿರಲಿಲ್ಲ.

ಮಾವನವರ ಟ್ರಂಕಿನಲ್ಲಿ ಆ ಗಾಡಿಯ ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕವೊಂದು ಇತ್ತು, ಇಲಿ ಒಂದು ಮೂಲೆ ತಿಂದದ್ದು. ಮೇಸ್ತ್ರಿಗೆ ಇಂಗ್ಲಿಷ್ ಬಾರದು. ಭಾವನಿಗೆ ಪುರುಸೊತ್ತಿಲ್ಲ. ನಾನು ಓದಿ ಹೇಳಿದೆ. ಯಾವ ಬೋಲ್ಟು ಎಲ್ಲಿಗೆ, ಎಷ್ಟು ಉದ್ದ, ಇಂಚಿಗೆ ಎಷ್ಟು ಗೆರೆ, ಎಲ್ಲ ಅದರಲ್ಲಿತ್ತು. ಓದಿದ್ದನ್ನು ಸಣ್ಣ ಚೀಟಿಗಳಲ್ಲಿ ಬರೆದು ದಾರ ಕಟ್ಟಿದೆ, ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿಯನ್ನೂ ಬರೆದಿಟ್ಟೆ. ಅಕ್ಷರಗಳೆಲ್ಲ ಒಂದೇ ಕಡೆಗೆ ವಾಲಬೇಕು ಅಂತ ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಬೆರಳ ಗೆಣ್ಣಿಗೆ ಎಷ್ಟು ಸಲ ಏಟು ಕೊಟ್ಟಿದ್ದರೋ. ಮದುವೆಯಾಗಿ ಮೂರು ವರ್ಷದಲ್ಲಿ ಆ ಅಕ್ಷರಕ್ಕೆ ಸಿಕ್ಕಿದ್ದ ಕೆಲಸ ಹಾಲಿನ ಲೆಕ್ಕದ ಕ್ಯಾಲೆಂಡರು ಒಂದೇ. ಮೇಸ್ತ್ರಿ ಚೀಟಿಯನ್ನು ದೂರ ಹಿಡಿದು ನೋಡಿ, ಗೊಂಬೆಗೆ ಕಣ್ಣು ಬರೆದ ಹಾಗೆ ಬರೆದಿದ್ದೀರಿ ಅಂದರು. ಆವತ್ತು ಒಲೆಯ ಮುಂದೆ ನಾನು ಒಬ್ಬಳೇ ನಕ್ಕೆ.

ನಾಲ್ಕು ತಿಂಗಳು ಆ ಕೆಲಸ ನಡೆಯಿತು. ನೋಡಿದವರು ನಗುತ್ತಿದ್ದರು, ಒಂದು ಬೋಲ್ಟಿಗೆ ಊರೂರು ಅಲೆಯುತ್ತಾನೆ ಅಂತ. ಅಲೆದದ್ದು ನಿಜವೇ. ಆ ಕಾಲದ ಇಂಗ್ಲೆಂಡಿನ ಪಂಪ್‌ಸೆಟ್ಟುಗಳಿಗೂ ಇದೇ ಥ್ರೆಡ್ ಇರುತ್ತಿತ್ತಂತೆ. ಮರಳವಾಡಿಯ ಯಾರದೋ ತೋಟದ ಬಾವಿಯ ಹತ್ತಿರ ಕೆಟ್ಟು ನಿಂತಿದ್ದ ಪಂಪಿನಿಂದ ಆರು ತಂದರು. ದೊಡ್ಡಆಲಹಳ್ಳಿಯಲ್ಲಿ ಮುಚ್ಚಿಹೋಗಿದ್ದ ಹಿಟ್ಟಿನ ಗಿರಣಿಯ ಇಂಜಿನ್ನಿನಿಂದ ನಾಲ್ಕು. ಕನಕಪುರದ ಗುಜರಿಯಲ್ಲಿ ಒಂದು ದಿನ ಪೂರ್ತಿ ಕೂತು ಎಂಟು ಆರಿಸಿದರು. ತಂದದ್ದನ್ನು ಅರದಿಂದ ಉಜ್ಜಿ ನೋಡುತ್ತಿದ್ದರು. ಅರ ಸುಲಭವಾಗಿ ಕಚ್ಚಿದರೆ ಮೆದು ಕಬ್ಬಿಣ, ಇಂಜಿನ್ನಿನ ಬಿಸಿಗೆ ಹಿಗ್ಗಿ ಸಡಿಲವಾಗುತ್ತೆ ಅಂತ ಎಸೆಯುವರು. ಸರಿ ಹೋದ ದಿನ ನನ್ನನ್ನು ಕರೆದು, ‘ಒಂದ್ ಗೂಟ ಕೀಳಿ ತಾಯಿ’ ಅನ್ನುವರು. ಕೆಂಪು ಗೂಟ ಕಿತ್ತು ಬೋಲ್ಟು ಕೂರಿಸುವುದು ನನ್ನ ಹಕ್ಕಾಗಿಬಿಟ್ಟಿತ್ತು.

ಕೊನೆಗೆ ಉಳಿದದ್ದು ಒಂದೇ ಗೂಟ. ಇಂಜಿನ್ನಿನ ಬಲಗಡೆ ಆಯಿಲ್ ಪಂಪು ಮುಚ್ಚುವ ಒಂದು ಮುಚ್ಚಳ ಇರುತ್ತೆ. ಅದಕ್ಕೆ ಏಳು ಬೋಲ್ಟು, ಮೂರು ಬೇರೆ ಬೇರೆ ಉದ್ದದವು. ಎಲ್ಲಕ್ಕಿಂತ ಕೆಳಗಿನದು ಗಿಡ್ಡ. ಯಾಕೆಂದರೆ ಉಳಿದ ತೂತುಗಳು ಆಳವಾಗಿವೆ, ಅದೊಂದಕ್ಕೆ ಮಾತ್ರ ಸ್ವಲ್ಪದರಲ್ಲೇ ತಳ ಇದೆ. ಉದ್ದದ ಬೋಲ್ಟು ಹಾಕಿದರೆ ತಳಕ್ಕೆ ತಾಗಿ, ಇನ್ನೂ ಬಿಗಿದರೆ ತಳವೇ ಸೀಳುತ್ತೆ. ಆ ಗಿಡ್ಡ ಬೋಲ್ಟು ಎಲ್ಲಿಯೂ ಸಿಗಲಿಲ್ಲ. ಮೇಸ್ತ್ರಿ ಲಾರಿಯ ಹಳೇ ಆಕ್ಸಲ್ಲಿನ ಉಕ್ಕಿನ ತುಂಡೊಂದನ್ನು ಹಿಡಿದು ರಾಮನಗರಕ್ಕೆ ಹೋದರು. ಅಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ಬಿಡಿಭಾಗ ಮಾಡುವ ಲೇತ್ ಅಂಗಡಿಯಲ್ಲಿ ಎರಡು ದಿನ ಪಕ್ಕದಲ್ಲೇ ಕೂತು, ನಾನು ಅಳತೆ ಬರೆದುಕೊಟ್ಟ ಕಾಗದ ತೋರಿಸಿ ತೋರಿಸಿ ಆ ಒಂದನ್ನು ಮಾಡಿಸಿಕೊಂಡು ಬಂದರು. ಕೊನೆಯ ಗೂಟವನ್ನೂ ನಾನೇ ಕಿತ್ತೆ. ಬೋಲ್ಟು ತೂತಿನಲ್ಲಿ ಕೂತಾಗ ಸದ್ದೇ ಆಗಲಿಲ್ಲ.

ಇಂಜಿನ್ ಜೋಡಿಸಿ, ಒದ್ದು ಶುರು ಮಾಡಿದ ದಿನ ಬೀದಿಯೇ ನಮ್ಮ ಹಿತ್ತಲಲ್ಲಿತ್ತು. ಅತ್ತೆ ಅತ್ತರು. ಗಂಡನ ಗಾಡಿಯ ಸದ್ದು ಅದು, ಎಷ್ಟು ವರ್ಷದ ಮೇಲೆ ಕೇಳಿದ್ದರೋ... ಭಾವನೂ ಖುಷಿಯಾಗಿದ್ದರು. ಆದರೆ ಬಗ್ಗಿ ನೋಡಿ, ಬೋಲ್ಟುಗಳು ಮಂಕಾಗಿವೆಯಲ್ಲ, ಹೊಸ ಬಣ್ಣದ ಪಕ್ಕದಲ್ಲಿ ಹಳೇ ಪಾತ್ರೆಯ ಹಾಗೆ ಕಾಣುತ್ತವಲ್ಲ ಅಂದರು. ಬೆಂಗಳೂರಿನ ಸ್ನೇಹಿತರೊಬ್ಬರು ಹೊಳೆಯುವ ಬೋಲ್ಟು ತಂದುಕೊಡುತ್ತೇನೆ ಅಂದಿದ್ದಾರೆ ಅಂತಲೂ ಹೇಳಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನಕ್ಕರು.

‘ಹೊಳಿಯೋ ಬೋಲ್ಟು ಮದುವೆ ಗಂಡು ಇದ್ದಂಗೆ ಯಜಮಾನ್ರೇ. ಚಪ್ಪರದಾಗೆ ಚೆಂದ. ಬಾಳ್ವೆ ಮಾಡಾಕೆ ಇವೇ ಇರ್ಲಿ ಬುಡಿ.’

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಅದನ್ನು ನಾನು ನೋಡಿದೆ.

ಮದುವೆಗೆ ಎರಡು ದಿನ ಇತ್ತು. ಮಧ್ಯಾಹ್ನ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಾಗ ಕೊಟ್ಟಿಗೆಯಲ್ಲಿ ಕಬ್ಬಿಣದ ಸದ್ದು. ಮೇಸ್ತ್ರಿಯ ಕೆಲಸ ಮುಗಿದಿತ್ತು, ಅವರಾಗಿದ್ದರೂ ಸದ್ದು ಮಾಡುವವರಲ್ಲ. ಇಣುಕಿದರೆ ಭಾವ. ಕಾಲ ಬಳಿ ಹೊಳೆಯುವ ಬೋಲ್ಟುಗಳ ಪ್ಯಾಕೆಟ್ಟು, ಎಲ್ಲ ಒಂದೇ ಉದ್ದದವು. ಬಲಗಡೆ ಮುಚ್ಚಳದ ಏಳೂ ಹಳೇ ಬೋಲ್ಟುಗಳು ಬಿಚ್ಚಿಸಿಕೊಂಡು ಗೋಣಿಯ ಮೇಲೆ ಬಿದ್ದಿದ್ದವು. ಸ್ಪ್ಯಾನರಿನ ಹಿಡಿಗೆ ಒಂದು ಪೈಪು ಸಿಗಿಸಿ ಉದ್ದ ಮಾಡಿಕೊಂಡು, ಹಲ್ಲು ಕಚ್ಚಿ ಬಿಗಿಯುತ್ತಿದ್ದರು. ಪ್ರತಿ ಸಲ ಒತ್ತಿದಾಗಲೂ ಕಿರ್ರ್ ಅನ್ನುವ ಒಂದು ಸದ್ದು. ಮೂರನೇ ಸುತ್ತು, ನಾಲ್ಕನೇ ಸುತ್ತು... ನನಗೆ ನನ್ನ ಹಲ್ಲನ್ನೇ ಯಾರೋ ತಿರುಗಿಸಿದ ಹಾಗಾಯಿತು.

ಭಾವನ ಎದುರು ನಿಂತು ಮಾತಾಡಿ ಅಭ್ಯಾಸವಿರಲಿಲ್ಲ. ಆದರೂ ಅಂದೆ. ಅವುಗಳ ಥ್ರೆಡ್ ಬೇರೆಯಂತೆ, ಕೆಳಗಿನದಕ್ಕೆ ಗಿಡ್ಡನೆಯದೇ ಆಗಬೇಕಂತೆ, ಪುಸ್ತಕದಲ್ಲೂ ಹಾಗೇ ಇದೆ ಅಂತ. ಅವರು ತಲೆ ಎತ್ತದೆ ಹೇಳಿದರು:

‘ಏನಮ್ಮ, ಕಾನ್ವೆಂಟಲ್ಲಿ ಬೋಲ್ಟು ಬಿಗಿಯೋದೂ ಹೇಳ್ಕೊಟ್ರಾ? ಬಟ್ಟೆ ಒಣಗಿರ್ಬೇಕು ನೋಡು ಹೋಗು.’

ಬಟ್ಟೆ ತೆಗೆದುಕೊಂಡು ಒಳಗೆ ಬಂದೆ. ಅವರು ಊಟಕ್ಕೆ ಎದ್ದು ಹೋದ ಮೇಲೆ ಮತ್ತೆ ಹೋಗಿ ಗೋಣಿಯ ಮೇಲಿದ್ದ ಏಳು ಬೋಲ್ಟನ್ನೂ ಸೆರಗಿನಲ್ಲಿ ಆರಿಸಿಕೊಂಡೆ. ಚೀಟಿಗಳನ್ನು ನಾನು ಎಸೆದಿರಲಿಲ್ಲ. ಒಂದೊಂದಕ್ಕೂ ಅದರದರದೇ ಚೀಟಿ ಕಟ್ಟಿದೆ. ಯಾಕೆ ಕಟ್ಟಿದೆನೋ. ಎದುರಂಗಡಿಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ರಸ್ತೆಯ ಅಗಲ ಹದಿನೈದು ಹೆಜ್ಜೆ. ಹೋಗಲಿಲ್ಲ. ಮನೆಯ ಮಾತನ್ನು ಬೀದಿಗೆ ಒಯ್ದಳು ಅನ್ನಿಸಿಕೊಳ್ಳುವ ಭಯ.

ಮದುವೆಯ ದಿನ ಭಾವ ಬೆಳಿಗ್ಗೆಯೇ ಗಾಡಿಯಲ್ಲಿ ಹೊರಟರು. ಮಾಗಡಿ ದಾಟಿ ಕುದೂರು ಇನ್ನೂ ಇದೆ ಅನ್ನುವಾಗ ಇಂಜಿನ್ ಹಿಡಿದುಕೊಂಡಿತು. ಕೆಳಗಿನ ಬೋಲ್ಟಿನ ಹತ್ತಿರ ಸೀಳಿ, ದಾರಿಯುದ್ದಕ್ಕೂ ಆಯಿಲ್ ಸೋರಿ, ಒಳಗೆ ಬರಿದಾಗಿತ್ತು. ಪುಣ್ಯಕ್ಕೆ ನಿಧಾನವಾಗಿ ಹೋಗುತ್ತಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಮದುವೆಗೆ ಹೋಗುತ್ತಿದ್ದ ನೆಂಟರ ಬಸ್ಸು ಅದೇ ದಾರಿಯಲ್ಲಿ ಬಂತು. ಬಿಳಿ ಪಂಚೆಯ ಮೇಲೆ ಕಪ್ಪು ಎಣ್ಣೆ ಬಳಿದುಕೊಂಡು ರಸ್ತೆ ಬದಿ ನಿಂತಿದ್ದವರನ್ನು ಬಸ್ಸಿಗೆ ಬಸ್ಸೇ ಕಿಟಕಿಯಿಂದ ನೋಡಿತು. ಅವರ ಗಾಯ ಅದು. ಮೊಣಕೈಯದಲ್ಲ.

ಮಾರನೆಯ ದಿನ ರೇಷ್ಮೆಗೂಡು ಸಾಗಿಸುವ ಟೆಂಪೋದಲ್ಲಿ ಗಾಡಿ ವಾಪಸು ಬಂತು. ಇಳಿಸಿದ್ದು ನಮ್ಮ ಮನೆ ಬಾಗಿಲಲ್ಲಿ, ಅಂದರೆ ಮೇಸ್ತ್ರಿಯ ಅಂಗಡಿ ಎದುರಿಗೇ. ಭಾವ ಮನೆಯೊಳಗೆ ಕಾಲಿಡಲಿಲ್ಲ. ಅಲ್ಲೇ ನಿಂತು ಬಾಯಿ ಮಾಡಿದರು. ಪಂಪ್‌ಸೆಟ್ಟಿನ ಬೋಲ್ಟು, ಗಿರಣಿ ಬೋಲ್ಟು, ಗುಜರಿ ಬೋಲ್ಟು ತಂದು ನಮ್ಮಪ್ಪನ ಗಾಡಿಗೆ ತುರುಕಿದ್ದಾನೆ, ನನ್ನ ಪ್ರಾಣ ಹೋಗುತ್ತಿತ್ತು, ಇಂಥವನ ಕೈಗೆ ಯಾರಾದರೂ ಗಾಡಿ ಕೊಡುತ್ತಾರಾ ಅಂತ. ಬೀದಿ ಸೇರಿತು. ಬಸ್ಸು ಹಿಡಿಯಲು ಹೊರಟವರೂ ನಿಂತರು.

ಮೇಸ್ತ್ರಿ ಬಂದು ಗಾಡಿಯ ಪಕ್ಕ ಮಂಡಿಯೂರಿದರು. ನಾನು ಹೊಸ್ತಿಲ ಒಳಗೆ ನಿಂತು ನೋಡುತ್ತಿದ್ದೆ. ಅವರ ಬೆರಳು ಒಂದೊಂದೇ ಹೊಳೆಯುವ ಬೋಲ್ಟನ್ನು ಮುಟ್ಟುತ್ತ ಕೆಳಗೆ ಬಂದು, ಸೀಳಿದ ಜಾಗದಲ್ಲಿ ನಿಂತಿತು. ಜ್ವರ ಬಂದ ಮಗುವಿನ ಮೈ ಮುಟ್ಟಿದ ಹಾಗೆ. ಅವರಿಗೆ ಎಲ್ಲ ಗೊತ್ತಾಯಿತು. ಎದ್ದು ನಿಂತು ಒಂದೇ ಮಾತು ಹೇಳಿದರು:

‘ನಾನ್ ಹಾಕಿದ್ದು ಹೊಳೀತಿರ್ಲಿಲ್ಲ ಯಜಮಾನ್ರೇ.’

‘ಮತ್ತೆ? ನಮ್ಮಪ್ಪ ಎದ್ದು ಬಂದು ಹಾಕಿದ್ನಾ?’

ಗುಂಪಿನಲ್ಲಿ ನಗು. ಯಾರೋ ಹಿಂದಿನಿಂದ, ‘ಬೋಲ್ಟ್ ಹೊಳೆದ್ರೆ ಏನ್ಲಾ ಬಂತು, ಮೇಸ್ತ್ರಿಗೆ ಬುದ್ಧಿ ಹೊಳೀಬೇಕು ಕಣ್ಲಾ’ ಅಂದರು. ಇನ್ನೂ ದೊಡ್ಡ ನಗು. ಆ ನಕ್ಕವರಲ್ಲಿ ಎಷ್ಟು ಜನರ ಗಾಡಿಯನ್ನು ಆ ಮನುಷ್ಯ ರಿಪೇರಿ ಮಾಡಿದ್ದರೋ. ತಿಂಗಳ ಹಿಂದೆ ನಮ್ಮ ಹಿತ್ತಲಲ್ಲಿ ನಿಂತು ಹಲಗೆಯನ್ನೂ ಇಂಜಿನ್ನಿನ ಮಂಕು ಬೋಲ್ಟುಗಳನ್ನೂ ಕಣ್ಣಾರೆ ಕಂಡವರು ಅವರಲ್ಲಿದ್ದರು. ಒಬ್ಬರಾದರೂ ಬಾಯಿ ಬಿಡಬೇಡವೇ? ಜಮೀನು, ಮನೆ ಇದ್ದು ಊರಲ್ಲಿ ಮಾತು ನಡೆಯುವವರ ಎದುರು ಯಾಕೆ ನಿಲ್ಲಬೇಕು ಅಂತ ಎಲ್ಲರಿಗೂ ಕಣ್ಣು ಮಂಜಾಗಿತ್ತು.

ಮೇಸ್ತ್ರಿ ಜಗಳಕ್ಕೆ ಹೋಗಲಿಲ್ಲ. ತಿರುಗಿ ನನ್ನ ಕಡೆ ನೋಡಿದರು.

‘ಪಟ್ಟಿ ಬರ್ದೋರು ಚಿಕ್ಕವ್ವಾರು. ಅವ್ರನ್ನೇ ಕೇಳಿ’ ಅಂದರು.

ಬೀದಿಗೆ ಬೀದಿಯೇ ನನ್ನ ಕಡೆ ತಿರುಗಿತು. ಪಟ್ಟಿಯ ನೋಟ್‌ಬುಕ್ಕು ಒಳಗೆ ಪೆಟ್ಟಿಗೆಯಲ್ಲಿತ್ತು. ಏಳು ಬೋಲ್ಟು ಅಕ್ಕಿ ಡಬ್ಬದ ಹಿಂದೆ ಇದ್ದವು. ಹೊಸ್ತಿಲು ದಾಟಿ ಎರಡು ಮಾತು ಹೇಳಿದ್ದರೆ... ಪಕ್ಕದಲ್ಲಿ ಅತ್ತೆ ನಿಂತಿದ್ದರು. ಅವರು ಗದರಲಿಲ್ಲ. ಮೆಲ್ಲಗೆ, ‘ಒಳಗೆ ನಡಿಯಮ್ಮ’ ಅಂದರು.

ನಾನು ಒಳಗೆ ನಡೆದೆ.

ಸುಳ್ಳು ಹೇಳಬಾರದು ಅಂತ ಸಿಸ್ಟರ್ ಹತ್ತು ವರ್ಷ ಕಲಿಸಿದ್ದರು. ನಾನು ಒಂದು ಸುಳ್ಳೂ ಹೇಳಲಿಲ್ಲ ನೋಡಿ. ಸೊಸೆ ಭಾವನ ವಿರುದ್ಧ ಬೀದಿಯಲ್ಲಿ ಮಾತಾಡಬಾರದು ಅಂತ ಯಾರು ಮಾಡಿದ್ದರೋ ಆ ಕಟ್ಟಳೆ, ಅವರ ಮೇಲೆ ನನಗೆ ಇವತ್ತಿಗೂ ಕೋಪ. ಅದನ್ನು ಮರು ಮಾತಿಲ್ಲದೆ ಪಾಲಿಸಿದವಳ ಮೇಲೆ ಅದಕ್ಕಿಂತ ಹೆಚ್ಚು. ಅವತ್ತು ಸಂಜೆ ಇವರಿಗೆ ಎಲ್ಲ ಹೇಳಿದೆ, ಬೋಲ್ಟು ತೋರಿಸಿದೆ. ನೀವಾದರೂ ಹೇಳಿ ಅಂದೆ. ಇವರು, ಅಣ್ಣ ಅಲ್ಲವಾ, ಬಿಟ್ಟುಬಿಡು, ನಾಲ್ಕು ದಿನಕ್ಕೆ ಎಲ್ಲರೂ ಮರೆಯುತ್ತಾರೆ ಅಂದರು.

ಮಾರನೆಯ ಬೆಳಿಗ್ಗೆ ಎದ್ದಾಗ ಮನೆಯೆಲ್ಲ ಒಂದು ವಾಸನೆ. ಲಕೋಟೆಗೆ ಮುದ್ರೆ ಒತ್ತುವಾಗ ಬರುತ್ತಲ್ಲ, ಆ ಥರದ್ದು, ಆದರೆ ಕಮಟು. ಬಚ್ಚಲಿಗೆ ಓಡಿದೆ. ಹಂಡೆಯ ಒಲೆಯಲ್ಲಿ ಆಲೆ ಮರದ ಹಲಗೆ ಉರಿಯುತ್ತಿತ್ತು. ಜೊತೆಗೆ ಹತ್ತೊಂಬತ್ತು ಕೆಂಪು ಗೂಟ. ಅರಗು ಕರಗಿ ಬೂದಿಯ ಮೇಲೆ ಕೆಂಪಗೆ ತೊಟ್ಟಿಕ್ಕುತ್ತಿತ್ತು. ಕೊಟ್ಟಿಗೆಯಲ್ಲಿ ಕಸ ಬಿದ್ದಿತ್ತು, ಭಾವ ಒಲೆಗೆ ಹಾಕಿಸಿದರು ಅಂತ ಅತ್ತೆ ಹೇಳಿದರು. ಆ ನೀರಿನಲ್ಲಿ ಮನೆಯವರೆಲ್ಲ ಸ್ನಾನ ಮಾಡಿದರು. ನಾನು ತಣ್ಣೀರು ಸುರಿದುಕೊಂಡೆ.

ಆಮೇಲೆ ಯಾರನ್ನೂ ಕೇಳದೆ, ಏಳು ಬೋಲ್ಟನ್ನೂ ನನ್ನ ಕರ್ಚೀಫಿನಲ್ಲಿ ಕಟ್ಟಿಕೊಂಡು ರಸ್ತೆ ದಾಟಿದೆ. ಹದಿನೈದು ಹೆಜ್ಜೆ. ಮದುವೆಯಾಗಿ ಬಂದ ಮೇಲೆ ಒಬ್ಬಳೇ ಆ ರಸ್ತೆ ದಾಟಿದ್ದು ಅದೇ ಮೊದಲು.

ಮೇಸ್ತ್ರಿ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಗಂಟು ಬಿಚ್ಚಿ ಮುಂದಿಟ್ಟೆ. ಅವರು ಒಂದೊಂದೇ ಚೀಟಿ ಓದಿ, ಆರನ್ನು ಒಂದು ಕಡೆ ಸರಿಸಿದರು. ಏಳನೆಯ ಗಿಡ್ಡ ಬೋಲ್ಟನ್ನು ಮತ್ತೆ ಕರ್ಚೀಫಿನಲ್ಲಿಟ್ಟು, ಗಂಟು ಹಾಕಿ ನನ್ನ ಕಡೆ ತಳ್ಳಿದರು.

‘ಈ ಆರು ಬ್ಯಾರೆ ಯಾವ್ದಕ್ಕಾರ ಆಯ್ತವೆ. ಇದುಕ್ಕೆ ಜೋಡಿ ಅಂತ ಇದ್ದುದ್ದು ಆ ಒಂದ್ ತೂತು, ಅದೂ ಒಡೆದೋಯ್ತು. ನಿಮ್ಮತ್ರ ಇರ್ಲಿ ಕಣವ್ವ. ಯಾರಾರ ಕೇಳುದ್ರೆ ತೋರ್ಸಿ.’

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಸಿ ಕಾಫಿ ತರಿಸಲಾ ಅಂತ ಬೇರೆ ಕೇಳಿದರು.

ಇವರು ಹೇಳಿದ ನಾಲ್ಕು ದಿನ ಆಯಿತು, ನಾಲ್ಕು ತಿಂಗಳೂ ಆಯಿತು. ಯಾರೂ ಮರೆಯಲಿಲ್ಲ. ಊರು ಅವರಿಗೊಂದು ಹೆಸರು ಇಟ್ಟಿತು, ಇಂಜಿನ್ ಒಡೆದೋನು ಅಂತ. ಮೊದಲು ರೇಷ್ಮೆ ವ್ಯಾಪಾರದವರ ಗಾಡಿಗಳು ಬರುವುದು ನಿಂತಿತು. ಆಮೇಲೆ ಆಸ್ಪತ್ರೆಯ ಡಾಕ್ಟರ ಸ್ಕೂಟರು. ನಾನು ಅಡುಗೆಮನೆ ಕಿಟಕಿಯಿಂದ ಎಣಿಸುತ್ತಿದ್ದೆ. ಬೆಂಚಿನ ಮುಂದೆ ನಿಲ್ಲುತ್ತಿದ್ದ ಆರು ಗಾಡಿ ನಾಲ್ಕಾಯಿತು, ಒಂದಾಯಿತು, ಕೊನೆಗೆ ಬರೀ ಸೈಕಲ್ಲು. ಇಂಚಿಗೆ ಎಷ್ಟು ಗೆರೆ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದ ಆ ಕೈಗಳು ಪಂಚರು ಹಾಕಿದವು. ಬಸ್ಸಿನವರು ತಪ್ಪು ದಾರಿಗೆ ಹೋದರೆ ನಾಲ್ಕು ಜನ ಕೂಗಿ ನಿಲ್ಲಿಸುತ್ತಾರೆ. ಮಾತು ತಪ್ಪು ದಾರಿ ಹಿಡಿದರೆ ಯಾರೂ ಕೂಗುವುದಿಲ್ಲ. ಎರಡು ವರ್ಷಕ್ಕೆ ತಗಡಿನ ಬಾಗಿಲು ಎಳೆದು, ಕನಕಪುರದ ಕಡೆ ಮಗಳ ಊರಿಗೆ ಹೋದರು. ಹೊರಡುವಾಗ ನಮ್ಮ ಮನೆ ಕಡೆ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಒಳಗಿದ್ದೆ. ಒಳಗೇ ಇದ್ದೆ. ಎಷ್ಟೋ ವರ್ಷದ ಮೇಲೆ ಅವರ ಅಣ್ಣ ದಾರಿಯಲ್ಲಿ ಸಿಕ್ಕಾಗ, ತಮ್ಮ ತೀರಿಕೊಂಡು ಆಗಲೇ ಒಂದು ವರ್ಷ ಆಯಿತು ಅಂದರು...

ಭಾವನವರೂ ಈಗಿಲ್ಲ. ಗಾಡಿಯೂ ಇಲ್ಲ. ಕೊನೆಯವರೆಗೂ ಅವರು ಆ ಕತೆಯನ್ನು ಅದೇ ಥರ ಹೇಳುತ್ತಿದ್ದರು. ಹೇಳಿ ಹೇಳಿ ಅವರಿಗೇ ನಿಜ ಅನ್ನಿಸಿತ್ತೇನೋ. ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಅಂತ ಇದನ್ನು ಓದಿದ ನೆಂಟರು ಹೇಳಬಹುದು. ಮೇಸ್ತ್ರಿಯೂ ಸತ್ತಿದ್ದಾರಲ್ಲ. ಅವರ ಬಗ್ಗೆ ಊರು ಇಷ್ಟು ವರ್ಷ ಆಡಿಕೊಂಡಾಗ ಈ ಮರ್ಯಾದೆ ಎಲ್ಲಿ ಹೋಗಿತ್ತು?

ಬೆಳಿಗ್ಗೆ ಬೋಲ್ಟನ್ನು ಇವರ ಮುಂದೆ ಇಟ್ಟೆ. ಪೇಪರ್ ಇಳಿಸಿ ನೋಡಿದರು. ಚೀಟಿಯನ್ನು ಓದಿದರು. ಪೇಪರ್ ಮಡಿಸಿಟ್ಟರು. ಕುಕ್ಕರಿನ ಸ್ಕ್ರೂ ತಂದುಬಿಡುತ್ತೇನೆ ಕೊಡು ಅಂತ ತಾವಾಗಿಯೇ ಎದ್ದರು. ಬರೀ ಅಳತೆ ಹೇಳಿದರೆ ಆಗಲ್ಲ, ಮುಚ್ಚಳ, ಹಿಡಿ ಎರಡನ್ನೂ ತೆಗೆದುಕೊಂಡು ಹೋಗಿ, ಮೂರನೇ ಸುತ್ತಿಗೆ ಬಿಗಿಯಾದರೆ ಬೇಡ ಅನ್ನಿ ಅಂದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಇವತ್ತು ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಎದುರಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಸಂಜೆ ದೀಪ ಹಚ್ಚಿ, ಬೋಲ್ಟನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಇವತ್ತಾದರೂ ಯಾರಾದರೂ ಕೇಳಿದರೆ ಹೇಳಿಬಿಡಬೇಕು ಅಂತ ಮನಸ್ಸಿನಲ್ಲಿತ್ತು. ಪಕ್ಕದ ಮನೆಯಾಕೆ ಫೋನಿನಲ್ಲಿ ಮಾತಾಡುತ್ತ ಹೊರಗೆ ಬಂದರು. ಈ ಬೀದಿಗೆ ಬಂದು ನಾಲ್ಕು ವರ್ಷವಷ್ಟೇ ಆದ, ಯಾರಿಗೂ ಕೇಡು ಬಯಸದ ಹೆಂಗಸು. ನನ್ನ ಕೈಯ ಕಡೆ ಕಣ್ಣು ಹಾಯಿಸಿ, ಮುಗುಳ್ನಕ್ಕು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. ಪಾರ್ಸೆಲ್ ತರುವವನಿಗೆ ಮನೆ ಸಿಕ್ಕಿರಲಿಲ್ಲ.

‘ಅಯ್ಯೋ, ಎಷ್ಟು ಸಲ ಹೇಳೋದಪ್ಪ’ ಅಂದರು ಅವನಿಗೆ, ‘ಇಂಜಿನ್ ಒಡೆದೋನ ಅಂಗಡಿ ಎಲ್ಲಿ ಅಂತ ಯಾರನ್ನಾದ್ರೂ ಕೇಳು. ಚಿಕ್ಕ ಮಕ್ಕಳೂ ತೋರಿಸ್ತಾರೆ.’